ನಮ್ಮ ಮನೆ ದನದ ಆಸ್ಪತ್ರೆಯಾಗಿದ್ದ ದಿನಗಳು

ನಮ್ಮ ಮನೆಯವರು ತೀರಿಕೊಂಡ ಮೂವತ್ತೆಂಟನೆಯ ದಿನ ಬೆಳಗ್ಗೆ ಒಬ್ಬ ಗಂಡಸು ಎರಡು ಕುರಿಗಳನ್ನು ಆಟೊದಲ್ಲಿ ಹಾಕಿಕೊಂಡು ಬಂದು ನಮ್ಮ ಬಾಗಿಲು ತಟ್ಟಿದ. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಆರಿಸಿ ಮುಗಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಕೂತಿದ್ದೆನೋ ಏನೋ. ಆ ದಿನಗಳಲ್ಲಿ ನನಗೆ ಅದರ ಗ್ಯಾನವೇ ಇರುತ್ತಿರಲಿಲ್ಲ. ನಮ್ಮ ಅತ್ತೆ ಎದ್ದು ಹೋಗಿ ಬಾಗಿಲು ತೆಗೆದರು.

"ಡಾಕ್ಟ್ರು ಬಂದಾರೇನ್ರಿ?"

"ಯಾವ ಡಾಕ್ಟ್ರಪ್ಪ?"

"ದನದ ಡಾಕ್ಟ್ರು."

"ಇಲ್ಲಿ ಯಾವ ಡಾಕ್ಟ್ರೂ ಇಲ್ಲ. ಇದು ಮನೆ."

"ಅಲ್ರೀ, ಮ್ಯಾಪ್‌ನಾಗೆ ಇಲ್ಲೇ ಐತೆ ಅಂತ ತೋರಸ್ತೈತೆ, ನೋಡ್ರಿ," ಎಂದು ಆತ ಫೋನನ್ನು ಅತ್ತೆಯ ಮುಖದ ಹತ್ತಿರ ಹಿಡಿದ. ಅತ್ತೆಗೆ ಓದಲು ಬಾರದು. ಫೋನಿನೊಳಗಿನ ಹೆಂಗಸು ಮಾತ್ರ ಸ್ಪಷ್ಟವಾಗಿ, ಶಾಲೆಯ ಟೀಚರಿನ ಹಾಗೆ ಹೇಳಿದಳು: "ನೀವು ಸೇರಬೇಕಾದ ಸ್ಥಳವನ್ನು ತಲುಪಿದ್ದೀರಿ."

ಕುರಿಗಳು ಕೆಮ್ಮಿದವು. ಆತ ನಮ್ಮ ಮನೆಯನ್ನು ಮೇಲಿಂದ ಕೆಳಗೆ ನೋಡಿ, ಆಟೊದವನ ಜೊತೆ ಏನೋ ಗೊಣಗುತ್ತಾ ಹೋದ. ಅತ್ತೆ ಒಳಗೆ ಬಂದು, "ಯಾರಿಗೋ ತಲೆ ಕೆಟ್ಟಿದೆ," ಎಂದರು. ಮಧ್ಯಾಹ್ನದೊಳಗೆ ಇನ್ನೂ ಇಬ್ಬರು ಬಂದರು. ಒಬ್ಬರ ಕೈಯಲ್ಲಿ ಕಾಲು ಮುರಿದ ನಾಯಿಮರಿ ಇತ್ತು.

ನಮ್ಮದು ನ್ಯಾಮತಿಯಲ್ಲಿ ಒಂದು ಸಣ್ಣ ಓಣಿಯ ಕೊನೆಯ ಮನೆ. ಮನೆಯಲ್ಲಿ ನಾವಾಡುವುದು ಉರ್ದು. ನಾನು ಹುಟ್ಟಿದ್ದು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. ಬರೆಯುವುದಾದರೆ ನನಗೆ ಕನ್ನಡವೇ ಕೈಗೆ ಬರುತ್ತದೆ. ಆದ್ದರಿಂದ ಮನೆಯೊಳಗಿನ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ನಮ್ಮವರು ಮೋಟಾರ್ ರಿವೈಂಡಿಂಗ್ ಕೆಲಸ ಮಾಡುತ್ತಿದ್ದರು. ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋದರೆ ಸುತ್ತಲಿನ ಹಳ್ಳಿಯವರು ಅವರ ಅಂಗಡಿಗೆ ತರುತ್ತಿದ್ದರು. ಒಂದು ದಿನ ಚಹಾ ತರಿಸಿಕೊಂಡು, ಕುಡಿಯದೆ, ಕೂತಲ್ಲೇ ಒರಗಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಅವರಿಗೆ ಐವತ್ತೊಂದು ವರ್ಷ.

ನಮ್ಮಲ್ಲಿ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು. ಮನೆ ಬಿಟ್ಟು ಹೋಗುವ ಹಾಗಿಲ್ಲ. ಹೊರಗಿನ ಗಂಡಸರ ಎದುರಿಗೆ ಬರುವ ಹಾಗಿಲ್ಲ. ನನಗೆ ಅದು ಕಷ್ಟವೆನಿಸಲಿಲ್ಲ. ಹೊರಗೆ ಹೋಗಬೇಕೆಂಬ ಆಸೆಯೇ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಮಣ್ಣು ಮಾಡಿ ಬಂದ ದಿನ ಎಲ್ಲರೂ ಅತ್ತರು, ನಾನು ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರನ್ನು ನೋಡುತ್ತಾ ಕೂತಿದ್ದೆ. ಮಾತಾಡಿಸಲು ಬಂದ ಹೆಂಗಸರು ನನ್ನ ಭುಜ ಹಿಡಿದು, "ಅತ್ತುಬಿಡು, ಹಗುರಾಗುತ್ತೆ," ಎನ್ನುತ್ತಿದ್ದರು. ಅವರಿಗೆ ಬೇಸರವಾಗಬಾರದೆಂದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಕಣ್ಣು ಒಣಗಿಯೇ ಇರುತ್ತಿತ್ತು.

ಆಸ್ಪತ್ರೆಯ ವಿಷಯ ಏನೆಂದು ಒಂದು ವಾರದ ಮೇಲೆ ತಿಳಿಯಿತು. ತಿಳಿಸಿದವನು ನಮ್ಮ ಮೈದುನ, ನಮ್ಮವರ ತಮ್ಮ. ಅವನು ಮುಂದಿನ ಓಣಿಯಲ್ಲೇ ಇದ್ದಾನೆ, ಬಳೆ ಅಂಗಡಿ ಇಟ್ಟುಕೊಂಡಿದ್ದಾನೆ. ದನದ ಆಸ್ಪತ್ರೆ ಊರಿನ ಆ ಕಡೆಯ ಹೊಸ ಕಟ್ಟಡಕ್ಕೆ ಹೋಗಿತ್ತು. ಹಳ್ಳಿಯವರು ಹಳೇ ಜಾಗಕ್ಕೆ ಬಂದು, ಬೀಗ ನೋಡಿ, ಫೋನನ್ನು ಕೇಳುತ್ತಿದ್ದರು. ಆಗಷ್ಟೇ ಒಂದು ಹೊಸ ಮ್ಯಾಪ್ ಆಪ್ ಬಂದಿತ್ತು. ಎಲ್ಲರೂ ಕೊಳ್ಳುತ್ತಿದ್ದ ಕಡಿಮೆ ದರದ ಒಂದು ಫೋನಿನಲ್ಲಿ ಅದು ಮೊದಲೇ ಇರುತ್ತಿತ್ತು. ಕನ್ನಡದಲ್ಲಿ ದಾರಿ ಹೇಳುತ್ತಿತ್ತು, ನೆಟ್ ಇಲ್ಲದ ಕಡೆಯೂ ನಡೆಯುತ್ತಿತ್ತು. ಜನ ಅದನ್ನು ಬಹಳ ಮೆಚ್ಚಿಕೊಂಡಿದ್ದರು. ಇಂಗ್ಲಿಷ್ ಬಾರದ ಆಟೊದವರು ಅದನ್ನು ಜೋರಾಗಿ ಹಾಕಿಕೊಂಡೇ ಓಡಾಡುತ್ತಿದ್ದರಂತೆ. ಆ ಆಪ್‌ನಲ್ಲಿ ನ್ಯಾಮತಿಯ ಪಶು ಆಸ್ಪತ್ರೆ ಎಂದು ಒತ್ತಿದರೆ ಕೆಂಪು ಚುಕ್ಕೆ ಬಂದು ಕೂರುತ್ತಿದ್ದದ್ದು ನಮ್ಮ ಮನೆಯ ಮೇಲೆ.

ಮೈದುನ ಒಂದು ರಟ್ಟಿನ ಮೇಲೆ ಬರೆದು ಬಾಗಿಲಿಗೆ ಕಟ್ಟಿದ. "ಇದು ಪಶು ಆಸ್ಪತ್ರೆ ಅಲ್ಲ" ಎಂದು. ಅಕ್ಷರ ದೊಡ್ಡದಾಗಿ ಶುರುಮಾಡಿದ್ದರಿಂದ ಕೊನೆಗೆ ಜಾಗ ಸಾಲದೆ "ಅಲ್ಲ" ಎಂಬುದು ಮೂಲೆಯಲ್ಲಿ ಸಣ್ಣದಾಗಿ ಮುದುಡಿಕೊಂಡಿತು. ಓಣಿಯ ಆ ತುದಿಯಿಂದ ನೋಡಿದರೆ "ಪಶು ಆಸ್ಪತ್ರೆ" ಎನ್ನುವುದಷ್ಟೇ ಕಾಣುತ್ತಿತ್ತಂತೆ. ಬರುವವರು ಇನ್ನೂ ಹೆಚ್ಚಾದರು. ಎರಡು ದಿನ ಬಿಟ್ಟು ಅತ್ತೆ ಅದನ್ನು ಕಿತ್ತು ಒಲೆಗೆ ಹಾಕಿದರು.

ಬಂದವರಲ್ಲಿ ಎಲ್ಲ ತರದವರೂ ಇದ್ದರು. ಬಾಗಿಲಿಗೆ ಅಡ್ಡ ಬಟ್ಟೆಯ ಪರದೆ ಇತ್ತು, ಅದರ ಹಿಂದೆ ಕೂತು ನಾನು ಎಲ್ಲವನ್ನೂ ಕೇಳುತ್ತಿದ್ದೆ. ಕೆಲವರು ತಪ್ಪು ಗೊತ್ತಾದ ಕೂಡಲೇ, "ತೆಪ್ಪು ತಿಳ್ಕಾಬ್ಯಾಡ್ರಿ ಅಜ್ಜಿ," ಎಂದು ಹೋಗುತ್ತಿದ್ದರು. ಕೆಲವರು ಬಿದ್ದು ಬಿದ್ದು ನಗುತ್ತಿದ್ದರು. ಕೆಲವರು ಮಾತ್ರ ನಂಬುತ್ತಲೇ ಇರಲಿಲ್ಲ. ಎಮ್ಮೆ ಹೊಡೆದುಕೊಂಡು ಬಂದ ಒಬ್ಬರು ಹಿರಿಯರು, "ಒಳಗೆ ಊಟಕ್ಕೆ ಕುಂತಾರೇನು? ಕಾಯ್ತೀನಿ ಬಿಡ್ರಿ," ಎಂದು ಕಟ್ಟೆಯ ಮೇಲೆ ಕೂತೇಬಿಟ್ಟರು. ಎಮ್ಮೆ ನಮ್ಮ ಬಟ್ಟೆ ಒಣಹಾಕುವ ಹಗ್ಗಕ್ಕೆ ಕೊಂಬು ಸಿಕ್ಕಿಸಿಕೊಂಡಿತು. ಅತ್ತೆ ಮೊದಮೊದಲು ಸಮಾಧಾನದಿಂದ ಹೇಳುತ್ತಿದ್ದರು, ಆಮೇಲೆ ಬೈಯಲು ಶುರುಮಾಡಿದರು. ಮಗ ಹೋದ ಮೇಲೆ ಅವರು ಧ್ವನಿ ಎತ್ತಿ ಮಾತಾಡಿದ್ದು ಅದೇ ಮೊದಲು. ಬೈದು ಬಂದ ಮೇಲೆ ಎರಡು ತುತ್ತು ಜಾಸ್ತಿ ಉಣ್ಣುತ್ತಿದ್ದುದನ್ನು ನಾನು ನೋಡಿದ್ದೇನೆ.

ಒಂದು ಭಾನುವಾರ ನಮ್ಮ ಅಣ್ಣ ಜಗಳೂರಿನಿಂದ ನನ್ನನ್ನು ನೋಡಲು ಬಂದ. ಚನ್ನಗಿರಿಗೆ ಕೊಟ್ಟಿರುವ ನನ್ನ ಮಗಳೂ ಬಂದಿದ್ದಳು. ಊಟವಾದ ಮೇಲೆ ಮಾತು ಆ ಆಪ್‌ನ ಕಡೆಗೆ ತಿರುಗಿತು. ಇದು ನಮ್ಮ ಮನೆಯೊಂದರ ಕಥೆಯಲ್ಲ ಎಂದು ಆಗ ಗೊತ್ತಾಯಿತು.

"ನಮ್ಮೂರಿಗೆ ಅದು ಇಟ್ಟಿರೋ ಹೆಸರು ಕೇಳು," ಎಂದು ಅಣ್ಣ ಫೋನು ತೆಗೆದ. ಫೋನಿನ ಹೆಂಗಸು ಜಗಳೂರು ಎನ್ನಲಾರದೆ, ನಡುವೆ ಉಸಿರು ತೆಗೆದುಕೊಂಡು, "ಜಗಳ... ಊರು," ಎಂದಳು. "ಬಸ್ ಸ್ಟ್ಯಾಂಡಿನಲ್ಲಿ ದಿನಾ ಇದೇ ನಗು. ಕೆಲವರಿಗೆ ಸಿಟ್ಟೂ ಬಂದಿದೆ. ಊರಿನ ಮಾನ ಕಳೀತು ಅಂತಾರೆ," ಎಂದ ಅಣ್ಣ.

ಮಗಳ ಫೋನಿನಲ್ಲಿ ಒಂದು ವಿಡಿಯೊ ಇತ್ತು. ಹೊನ್ನಾಳಿಯ ಯಾರೋ ಹೊಳೆಯ ದಂಡೆಯಲ್ಲಿ ಬೈಕ್ ನಿಲ್ಲಿಸಿಕೊಂಡು ತೆಗೆದದ್ದು. ಎದುರಿಗೆ ನೀರು. ಸೇತುವೆ ಎಲ್ಲೋ ದೂರದಲ್ಲಿ. "ನೇರವಾಗಿ ಮುಂದುವರಿಯಿರಿ," ಎನ್ನುತ್ತಿದ್ದಳು ಫೋನಿನ ಹೆಂಗಸು. "ಮುಂದುವರಿದ್ರೆ ತೇಲಿ ಹೋಗ್ತೀವಿ ಕಣವ್ವ!" ಎಂದು ಅವನು ಕೂಗುತ್ತಿದ್ದ. ಚನ್ನಗಿರಿಯಲ್ಲಿ ಮಗಳ ಗಂಡನ ಪರಿಚಯದವರ ಮದುವೆಯ ದಿನ ಅರ್ಧ ಬೀಗರು ಕೆರೆಯ ಆಚೆ ದಂಡೆಗೆ ಹೋಗಿ ನಿಂತಿದ್ದರಂತೆ. ನಲ್ಲೂರಿನ ಕಡೆ ಅಡಿಕೆ ತುಂಬಿದ ಲಾರಿಯೊಂದು ಮನೆಗಳ ನಡುವೆ ಸಿಕ್ಕಿಕೊಂಡು, ಹಿಂದೆಯೂ ಬರಲಾರದೆ ಮುಂದೆಯೂ ಹೋಗಲಾರದೆ, ಒಂದು ಮನೆಯ ಹೆಂಚು ತೆಗೆಸಬೇಕಾಯಿತಂತೆ.

"ಹಾಗಾದರೆ ಜನ ಅದನ್ನು ಯಾಕೆ ಬಿಡುವುದಿಲ್ಲ?" ಎಂದು ಅತ್ತೆ ಕೇಳಿದರು.

"ಹೊಡೆದಾಟವೇ ಆಗಿದೆ ಅದರ ವಿಷಯಕ್ಕೆ," ಎಂದಳು ಮಗಳು. "ಬೈಯೋರು ಬೈತಾರೆ. ಇನ್ನು ಕೆಲವರು, ಪಾಪ ಕನ್ನಡದಲ್ಲಿ ಮಾತಾಡೋದು ಇದೊಂದೇ, ಹೊಸದು, ಸ್ವಲ್ಪ ತಪ್ಪು ಮಾಡುತ್ತೆ, ಕಲಿಯುತ್ತೆ ಅಂತಾರೆ."

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ನಾನು ಅವರ ಬಾಯಿಗಳನ್ನು ನೋಡುತ್ತಾ ಕೂತಿದ್ದೆ. ನಗು ಎಲ್ಲಿಂದ ಶುರುವಾಗುತ್ತದೆ ಎಂಬುದೇ ಮರೆತ ಹಾಗಿತ್ತು. ಮಗಳು ಅದನ್ನು ಗಮನಿಸಿ ಫೋನನ್ನು ಮಗುಚಿಟ್ಟಳು.

ಅವಳು ಹೋಗುವ ಮೊದಲು ಆಪ್‌ನಲ್ಲಿ "ತಪ್ಪನ್ನು ತಿಳಿಸಿ" ಎಂಬ ಕಡೆ ಒತ್ತಿ, ಇದು ವಾಸದ ಮನೆ ಎಂದು ಬರೆದು ಕಳಿಸಿದಳು. "ನಿಮ್ಮ ಸಲಹೆಗೆ ಧನ್ಯವಾದಗಳು" ಎಂದು ಬಂತು. ಚನ್ನಗಿರಿಗೆ ಹೋದ ಮೇಲೂ ದಿನಕ್ಕೊಂದು ಸಲ ಬರೆದಳು. ದಿನಾ ಅದೇ ಧನ್ಯವಾದ.

ಮೇಕೆಯೊಂದು ಬಂದದ್ದು ನಮ್ಮವರು ಹೋಗಿ ಎರಡೂವರೆ ತಿಂಗಳು ಕಳೆದ ಮೇಲೆ. ಅತ್ತೆ ರಕ್ತದೊತ್ತಡದ ಮಾತ್ರೆ ತರಲು ಹೋಗಿದ್ದರು. ಮಧ್ಯಾಹ್ನದ ಬಿಸಿಲು. ಓಣಿಗೆ ಗೂಡ್ಸ್ ಆಟೊ ಬಂದು ನಿಂತ ಸದ್ದು, ಆಮೇಲೆ ಆ ಫೋನಿನ ಹೆಂಗಸಿನ ಮಾತು, ಆಮೇಲೆ ಬಾಗಿಲ ಬಡಿತ. ನಾನು ಸುಮ್ಮನೆ ಕೂತೆ. ಯಾರೂ ಇಲ್ಲವೆಂದುಕೊಂಡು ಹೋಗುತ್ತಾರೆ.

"ಡಾಕ್ಟ್ರೇ! ಯಾರಾದ್ರೂ ಅದೀರೇನ್ರಿ? ಬಾಗ್ಲು ತಗೀರಿ!" ಹೆಂಗಸಿನ ಧ್ವನಿ.

ಡ್ರೈವರ್ ಹೇಳುವುದು ಕೇಳಿಸಿತು: "ಇದು ಆಸ್ಪತ್ರಿ ಅಲ್ಲಕ್ಕ, ಮನಿ. ಈ ಹಾಳಾದ್ದು ಮತ್ತೆ ತಪ್ಪು ದಾರಿ ಹಿಡಿಸೈತೆ. ಹತ್ರಿ, ಬ್ಯಾರೆ ಕಡೆ ಹೋಗಾನು."

"ಎಲ್ಲಿಗೋ ಹೋಗಾದು? ಗೋವಿನಕೋವಿಯಿಂದ ಇಲ್ಲಿಗೆ ಬರಾಕೆ ಇಷ್ಟೊತ್ತಾತು. ಇದು ಇನ್ನು ತಡಿಯಲ್ಲ. ಕಣ್ಣು ಮ್ಯಾಲೆ ಮಾಡ್ತಾ ಐತೆ."

ಆಗ ಮೇಕೆ ಕೂಗಿತು. ಆ ಕೂಗು ನನಗೆ ಗೊತ್ತಿತ್ತು. ನಮ್ಮ ಅಪ್ಪ ಕುರಿ ವ್ಯಾಪಾರ ಮಾಡುತ್ತಿದ್ದರು. ಮನೆಯಲ್ಲಿ ಯಾವಾಗಲೂ ಇಪ್ಪತ್ತು ಮೂವತ್ತು ಕುರಿ, ಮೇಕೆ ಇರುತ್ತಿದ್ದವು. ಹೆರಿಗೆ ಕಷ್ಟವಾದರೆ ಅಮ್ಮ ನನ್ನನ್ನು ಕರೆಯುತ್ತಿದ್ದರು, ನನ್ನ ಕೈ ಸಣ್ಣದು ಎಂದು. ಮದುವೆಯಾಗಿ ಬಂದ ಮೇಲೆ ಆ ಕೆಲಸವನ್ನು ನಾನು ನೆನೆದದ್ದೂ ಇಲ್ಲ.

ಎದ್ದೆ. ಧೈರ್ಯವೆಂದೇನೂ ಅಲ್ಲ, ಮರುಕವೂ ಅಲ್ಲ. ಕೊಬ್ಬರಿ ಎಣ್ಣೆಯ ಬಾಟಲಿ, ಸೋಪು, ಒಂದು ಗೋಣಿಚೀಲ ತೆಗೆದುಕೊಂಡೆ. ದುಪಟ್ಟಾವನ್ನು ಮುಖಕ್ಕೆ ಬಿಗಿದು ಕಟ್ಟಿಕೊಂಡು ಬಾಗಿಲು ಅರ್ಧ ತೆಗೆದೆ.

"ಡ್ರೈವರ್ ಆ ತುದಿಗೆ ಹೋಗಿ ನಿಲ್ಲಲಿ. ಮೇಕೆನ ಒಳಗೆ ತಗೊಂಡು ಬನ್ನಿ," ಎಂದೆ.

ಬಾಗಿಲಿನಲ್ಲಿ ನಿಂತಿದ್ದ ಹೆಂಗಸಿಗೆ ನನ್ನದೇ ವಯಸ್ಸು. ಹಣೆಯಲ್ಲಿ ವಿಭೂತಿ ಇತ್ತು, ಬೆವರಿಗೆ ಅರ್ಧ ಅಳಿಸಿಹೋಗಿತ್ತು. ಏನೂ ಕೇಳದೆ ಮೇಕೆಯನ್ನು ಎತ್ತಿಕೊಂಡು ಒಳಗೆ ಬಂದಳು. ನಡುಮನೆಯಲ್ಲೇ ಗೋಣಿಚೀಲ ಹಾಸಿದೆವು. ಮರಿಯ ಮೂತಿ ಕಾಣುತ್ತಿತ್ತು, ಒಂದು ಕಾಲು ಮಾತ್ರ ಹೊರಗಿತ್ತು. ಇನ್ನೊಂದು ಒಳಗೆ ಹಿಂದಕ್ಕೆ ಮಡಚಿಕೊಂಡಿರಬೇಕು. ಅವಳಿಗೆ ತಲೆ ಹಿಡಿದುಕೊಳ್ಳಲು ಹೇಳಿ, ಕೈ ತೊಳೆದು ಎಣ್ಣೆ ಸವರಿಕೊಂಡೆ.

ಒಳಗೆ ಬಿಸಿಯಾಗಿತ್ತು. ಅಷ್ಟು ದಿನಗಳಲ್ಲಿ ನನ್ನ ಕೈಗೆ ಏನಾದರೂ ಬಿಸಿಯೆಂದು ತಿಳಿದದ್ದು ಅದೇ ಮೊದಲು. ಮರಿಯನ್ನು ಮೆಲ್ಲಗೆ ಹಿಂದಕ್ಕೆ ದೂಡಿ, ಮಡಚಿದ ಮೊಣಕಾಲನ್ನು ಹುಡುಕಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಮುಂದಕ್ಕೆ ತಂದೆ. ಮೇಕೆ ತಿಣುಕಿದಾಗ ಎಳೆದೆ. ಮೊದಲ ಮರಿ ಬಂತು. ಸತ್ತಿತ್ತು. ಅದನ್ನು ಪಕ್ಕಕ್ಕೆ ಇಟ್ಟೆ. ಆ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು.

"ಇನ್ನೊಂದು ಇದೆ. ಹಿಡ್ಕೊಳ್ಳಿ," ಎಂದೆ.

ಎರಡನೆಯದು ತಾನಾಗಿಯೇ ಜಾರಿ ಬಂತು. ಮೂಗಿನ ಲೋಳೆ ತೆಗೆದು, ಗೋಣಿಯಿಂದ ಎದೆಯನ್ನು ಉಜ್ಜಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸೀನಿತು. ಆ ಹೆಂಗಸು ಜೋರಾಗಿ ಅಳಲು ಶುರುಮಾಡಿದಳು. ನಾನು ಉಜ್ಜುತ್ತಲೇ ಇದ್ದೆ.

"ನೀವು ಡಾಕ್ಟ್ರಮ್ಮನ ಮನಿಯವರೇನು?" ಎಂದು ಕೇಳಿದಳು, ಸಮಾಧಾನವಾದ ಮೇಲೆ.

"ಅಲ್ಲ. ಇಲ್ಲಿ ಯಾವತ್ತೂ ಆಸ್ಪತ್ರೆ ಇರಲಿಲ್ಲ."

"ಮತ್ತೆ ಹಿಂಗೆ ದಿನಾ ಜನ ಬರ್ತಾರೇನು?"

"ಬರ್ತಾರೆ."

ಅವಳು ಮನೆಯೊಳಗೆ ಕಣ್ಣಾಡಿಸಿದಳು. ನನ್ನ ಬೋಳು ಕೈಗಳನ್ನು ನೋಡಿದಳು. "ಮನಿಯವರು?"

"ಇಲ್ಲ. ಎರಡೂವರೆ ತಿಂಗಳಾಯಿತು."

ಅದನ್ನು ನಾನಾಗಿಯೇ ಒಬ್ಬರಿಗೆ ಹೇಳಿದ್ದು ಅದೇ ಮೊದಲು. ಉಳಿದವರೆಲ್ಲ ಗೊತ್ತಿದ್ದೇ ಬಂದವರು. ಅವಳು ನನ್ನ ಭುಜ ಹಿಡಿಯಲಿಲ್ಲ, ಅಳು ಎನ್ನಲಿಲ್ಲ. "ಇಂಥಾ ಮನಿಗೆ ಬಂದು ಬಾಗ್ಲು ಬಡದ್ನಲ್ಲವ್ವ," ಎಂದಳು. ನಂತರ ಎದ್ದು, ಬಚ್ಚಲಿನಿಂದ ನೀರು ತಂದು, ನಾನು ಬೇಡವೆಂದರೂ ನಡುಮನೆಯನ್ನು ತೊಳೆದಳು. ಸತ್ತ ಮರಿಯನ್ನು ಚೀಲದಲ್ಲಿ ಸುತ್ತಿ ತೆಗೆದುಕೊಂಡಳು. ಮಾಸು ಬೀಳುವವರೆಗೆ ನೋಡಿಕೊಳ್ಳಿ, ನಿಜವಾದ ಆಸ್ಪತ್ರೆಗೆ ಹೋಗಿ ಒಂದು ಇಂಜೆಕ್ಷನ್ ಮಾಡಿಸಿ ಎಂದು ಹೇಳಿ ಕಳಿಸಿದೆ.

ಅವರು ಹೋದ ಮೇಲೆ ಕೈ ತೊಳೆದುಕೊಂಡು ಕೂತೆ. ಈಗ ಅಳು ಬರಬಹುದೆಂದು ಕಾದೆ. ಬರಲಿಲ್ಲ. ಕೈ ಮೂಸಿ ನೋಡಿದೆ, ವಾಸನೆ ಹೋಗಿರಲಿಲ್ಲ.

ಅತ್ತೆ ಬಂದು ಒದ್ದೆ ನೆಲ ನೋಡಿ ಕೇಳಿದರು, ಹೇಳಿದೆ. ಸಂಜೆ ಮೈದುನನಿಗೆ ಗೊತ್ತಾಗಿ ಸಿಟ್ಟಿನಿಂದ ಬಂದ. "ಇದ್ದತ್‌ನಲ್ಲಿ ಕೂತಿರೋ ಹೆಂಗಸು ಯಾರ್‍ಯಾರಿಗೋ ಬಾಗಿಲು ತೆಗೆಯೋದಾ ಭಾಭಿ? ಓಣಿಯಲ್ಲಿ ಏನಂತಾರೆ?"

ಅತ್ತೆ ಚಪ್ಪಲಿ ಮೆಟ್ಟಿಕೊಂಡು, "ನಡಿ, ಹಜ್ರತ್‌ರನ್ನೇ ಕೇಳೋಣ," ಎಂದು ಅವನನ್ನು ಮಸೀದಿಯ ಗುರುಗಳ ಮನೆಗೆ ಕರೆದುಕೊಂಡು ಹೋದರು. ತಿರುಗಿ ಬಂದಾಗ ಮೈದುನನ ಮುಖ ಇಳಿದಿತ್ತು. ಹೊಸ್ತಿಲು ದಾಟಿಲ್ಲ, ಪರಗಂಡಸಿಗೆ ಮುಖ ತೋರಿಸಿಲ್ಲ, ಬಾಯಿಲ್ಲದ ಜೀವ ಉಳಿಸಿದ್ದಾಳೆ, ನೀನು ಕೇಳಬೇಕಾದದ್ದೇನು ಎಂದು ಗುರುಗಳು ಅವನನ್ನೇ ಕೇಳಿದರಂತೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಅವನೂ ಅಣ್ಣನನ್ನು ಕಳೆದುಕೊಂಡಿದ್ದ. ಆ ಸಿಟ್ಟು ನನ್ನ ಮೇಲಿನದಲ್ಲ ಎನ್ನುವುದು ನನಗೆ ಆಗಲೂ ಗೊತ್ತಿತ್ತು.

ಹತ್ತು ದಿನ ಬಿಟ್ಟು ಮಗಳು ಫೋನು ಮಾಡಿದಳು. "ಅಮ್ಮೀ, ನಮ್ಮ ಮನೆಗೆ ಐದು ಸ್ಟಾರ್ ಬಿದ್ದಿದೆ!" ಆಪ್‌ನಲ್ಲಿ ಜನ ಅಭಿಪ್ರಾಯ ಬರೆಯುವ ಜಾಗವಿದೆಯಂತೆ. ಯಾರೋ ಬರೆದಿದ್ದರು: "ತುಂಬಾ ಒಳ್ಳೆ ಡಾಕ್ಟರಮ್ಮ. ಮೇಕೆ ಉಳಿಸಿದರು. ಬಾಗಿಲು ಮಾತ್ರ ತಡವಾಗಿ ತೆಗೀತಾರೆ." ಬಹುಶಃ ಆ ಡ್ರೈವರ್ ಇರಬೇಕು, ಮನೆ ಎಂದು ಗೊತ್ತಿದ್ದರೂ. ಅದರ ಕೆಳಗೆ ಒಂದೇ ಸ್ಟಾರ್ ಕೊಟ್ಟ ಇನ್ನೊಬ್ಬರು: "ಡಾಕ್ಟರ್ ಯಾವಾಗ ಹೋದರೂ ಇರಲ್ಲ. ಒಬ್ಬ ಅಜ್ಜಿ ಬಂದು ಬೈತಾಳೆ." ಮಗಳು ನಗುತ್ತಾ ಓದಿದಳು. ನಗು ಮುಗಿದ ಮೇಲೆ, ಹೀಗೆ ಜನ ಬರೆದಷ್ಟೂ ಇಲ್ಲಿ ಆಸ್ಪತ್ರೆ ಇರುವುದು ನಿಜವೆಂದು ಆಪ್ ನಂಬುತ್ತದೆ ಎಂದಳು.

ಅತ್ತೆಗೆ ಹೇಳಿದೆ. "ಬೈಸಿಕೊಂಡವನಿಗೆ ನೆನಪಿದೆಯಲ್ಲ, ಸಾಕು," ಎಂದರು.

ಜನ ಇನ್ನೂ ಬಂದರು. ಈಗ ಕೆಲವರು ಡಾಕ್ಟರಮ್ಮನನ್ನೇ ಕೇಳಿಕೊಂಡು ಬರುತ್ತಿದ್ದರು. ಅತ್ತೆಯೇ ಹೊಸ ಆಸ್ಪತ್ರೆಯ ದಾರಿಯನ್ನು ಬಾಯಿಪಾಠ ಮಾಡಿಕೊಂಡಿದ್ದರು: ಬಸ್ ಸ್ಟ್ಯಾಂಡ್ ದಾಟಿ, ಎಡಗಡೆ ತಿರುಗಿ, ಬೇವಿನ ಮರದ ಹತ್ತಿರ ಕೇಳಿ. ನಾನು ಪರದೆಯ ಹಿಂದೆ ಕೂತು ಕೇಳುತ್ತಿದ್ದೆ. ಒಂದು ವಿಷಯ ಹೇಳಬೇಕು. ಆ ಜನ ನನಗೆ ಭಾರವಾಗಿರಲಿಲ್ಲ. ಅವರಿಗೆ ನನ್ನಿಂದ ಕಣ್ಣೀರು ಬೇಕಿರಲಿಲ್ಲ. ಅವರವರ ಎಮ್ಮೆ, ಅವರವರ ನಾಯಿ, ಅವರವರ ತೊಂದರೆ. ನಮ್ಮ ಮನೆಯಲ್ಲಿ ಏನಾಗಿದೆ ಎಂದು ಗೊತ್ತಿಲ್ಲದೆ ಬಂದು, ಗೊತ್ತಿಲ್ಲದೆ ಹೋಗುತ್ತಿದ್ದರು.

ನಾಲ್ಕನೆಯ ತಿಂಗಳು ಒಂದು ದಿನ ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಅತ್ತೆ ಎರಡು ಸಲ ಬಾಗಿಲು ತೆಗೆದು ಓಣಿ ನೋಡಿದರು. ಮಗಳನ್ನು ಕೇಳಿದಾಗ ವಿಷಯ ತಿಳಿಯಿತು. ಆಪ್ ಅಪ್‌ಡೇಟ್ ಆಗಿದೆ, ಆಸ್ಪತ್ರೆಯ ಚುಕ್ಕೆ ನಮ್ಮ ಮನೆಯಿಂದ ಎದ್ದು ಊರಾಚೆಯ ಒಂದು ಮೆಕ್ಕೆಜೋಳದ ಹೊಲದ ನಡುವೆ ಹೋಗಿ ಕೂತಿದೆ. ಅಲ್ಲೂ ಕೆಲವು ದಿನ ಜನ ಹೋಗಿ, ಬೆಳೆ ತುಳಿದು, ಹೊಲದವರ ಕೈಲಿ ಬೈಸಿಕೊಂಡರಂತೆ. ಅಷ್ಟರಲ್ಲಿ ಬಹಳ ಜನ ಆ ಆಪನ್ನು ತೆಗೆದುಹಾಕಿದ್ದರು. ಜಗಳೂರಿನ ಹೆಸರನ್ನು ಅದು ಸರಿಯಾಗಿ ಹೇಳಲು ಕಲಿತದ್ದು ಅದಕ್ಕೂ ಆಮೇಲೆ. ಹೊನ್ನಾಳಿಯ ಹೊಳೆಯ ವಿಷಯ ನನಗೆ ಗೊತ್ತಿಲ್ಲ.

ಇದ್ದತ್ ಮುಗಿದ ದಿನ ಅತ್ತೆ ನನಗೆ ನೀರು ಹುಯ್ದು, ತಲೆ ಬಾಚಿದರು. ಮರುದಿನ ಇಬ್ಬರೂ ಹೊನ್ನಾಳಿಯಲ್ಲಿ ಬಸ್ ಬದಲಿಸಿ ಚನ್ನಗಿರಿಗೆ ಹೋದೆವು. ಕಿಟಕಿಯ ಹತ್ತಿರ ಕೂತಿದ್ದೆ. ಹೊರಗೆ ಎಲ್ಲ ಇದ್ದ ಹಾಗೆಯೇ ಇತ್ತು. ಮಗಳ ಮನೆಯಲ್ಲಿ ಊಟ ಮಾಡಿ ಮಲಗಿದವಳಿಗೆ ಎಚ್ಚರವಾದದ್ದು ಸಂಜೆಯ ನಮಾಜಿನ ಹೊತ್ತಿಗೆ. ಯಾರೂ ನನ್ನನ್ನು ಎಬ್ಬಿಸಿರಲಿಲ್ಲ. ಮಗಳು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಎಷ್ಟು ದಿನ ಇರ್ತೀರಿ ಅಮ್ಮೀ?" ಎಂದಳು.

"ಗೊತ್ತಿಲ್ಲ," ಎಂದೆ.

ಅವಳು ತಟ್ಟೆಯನ್ನು ನಮ್ಮಿಬ್ಬರ ನಡುವೆ ಸರಿಸಿದಳು. ನಾನೂ ಎದ್ದು ಕೂತು ಸುಲಿಯತೊಡಗಿದೆ.